ಎರಡನೇದು ಗಂಡಾ? ಹಾಗಾದ್ರೆ ದುಡ್ಡಿಲ್ಲ

ಬೆಳಿಗ್ಗೆಯಿಂದ ತಲೆ ಕೆಟ್ಟು ಕೂತಿದೀನಿ. ಇಲ್ಲಿ ಬರೆದು ಹಾಕದಿದ್ರೆ ಸಂಜೆ ಮನೆಯವರ ಮೇಲೆ ಹಾರಿಬೀಳೋದು ಗ್ಯಾರಂಟಿ. ಅದಕ್ಕೆ ನೀವೇ ಅನುಭವಿಸಿ.

ಅಮ್ಮನಿಗೆ ಊಟದ ಡಬ್ಬಿ ಕೊಡೋಕೆ ಅಂಗನವಾಡಿಗೆ ಹೋಗಿದ್ದೆ. (ಹೌದು, ಇನ್ನೂ ಟೀಚರ್ರೇ. ಮೊಬೈಲಲ್ಲಿ ಫೋಟೋ ಅಪ್‌ಲೋಡ್ ಮಾಡೋ ಕಾಟಕ್ಕೆ ಯಾವಾಗ ರಿಟೈರ್ ಆಗ್ತೀನೋ ಅಂತಿದಾಳೆ.) ಬಾಗಿಲಲ್ಲಿ ಒಬ್ಬ ಹುಡುಗಿ, ಮಡಿಲಲ್ಲಿ ಎರಡು ತಿಂಗಳ ಕೂಸು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ತಾಯಿ ಕಾರ್ಡು. ಬೆರಳೆಲ್ಲ ಅಡಿಕೆ ಸುಲಿದು ಕಪ್ಪಾಗಿವೆ. ಬಾಣಂತನ ಮುಗಿಯೋ ಮುಂಚೆಯೇ ಸುಲಿಯೋಕೆ ಕೂತಿದಾಳೆ, ತಿಳ್ಕೊಳ್ಳಿ.

ಮಾತೃವಂದನಾ ದುಡ್ಡು, ಅಂದ್ರೆ ಬಸುರಿ-ಬಾಣಂತಿಯರಿಗೆ ಅಂತ ಕೇಂದ್ರ ಸರ್ಕಾರ ಕೊಡೋ ದುಡ್ಡು, ಕೇಳೋಕೆ ಬಂದಿದ್ಲು. ಅಮ್ಮ ಕಾರ್ಡು ನೋಡಿ, "ಎರಡನೇದು ಗಂಡಲ್ವೇನೇ? ಹೆಣ್ಣಾಗಿದ್ರೆ ಬರ್ತಿತ್ತು ಕಣೇ" ಅಂದ್ಲು. ಹುಡುಗಿ ನಕ್ಕುಬಿಟ್ಲು. "ನಮ್ಮತ್ತೆ ಗಂಡೇ ಬೇಕು ಅಂತಾರೆ, ಸರ್ಕಾರ ಹೆಣ್ಣೇ ಬೇಕು ಅಂತೈತೆ. ನಾನ್ ಯಾರ್ ಮಾತು ಕೇಳ್ಲಿ ಟೀಚರೇ?"

ನಿಯಮ ಇರೋದೇ ಹಾಗೆ. ಮೊದಲ ಮಗುವಿಗೆ 5,000 ರೂಪಾಯಿ, ಅದೂ ಎರಡು ಕಂತಲ್ಲಿ. ಎರಡನೇದು ಹೆಣ್ಣಾದ್ರೆ 6,000. ಗಂಡಾದ್ರೆ ಸೊನ್ನೆ. ಗರ್ಭಿಣಿ ಕೂಲಿ ಬಿಟ್ಟು ಸ್ವಲ್ಪ ಸುಧಾರಿಸಿಕೊಳ್ಳಲಿ, ಆ ನಷ್ಟಕ್ಕೆ ಒಂದಿಷ್ಟು ಪರಿಹಾರ ಅಂತ ಯೋಜನೆಯಲ್ಲೇ ಬರ್ಕೊಂಡಿದಾರೆ. ಗಂಡು ಹೆತ್ತವಳಿಗೆ ಸುಸ್ತಾಗಲ್ವಾ? ಆ ಕೂಸಿಗೆ ಹಾಲು ಬೇಡ್ವಾ? 2013ರ ಆಹಾರ ಭದ್ರತಾ ಕಾಯ್ದೆ ತೆಗೆದು ನೋಡಿ: ಪ್ರತಿ ಗರ್ಭಿಣಿಗೂ ಬಾಣಂತಿಗೂ ಕನಿಷ್ಠ 6,000 ಅಂತಿದೆ. ಸರ್ಕಾರಿ ನೌಕರಿಯವರನ್ನ, ಬೇರೆ ಕಾನೂನಲ್ಲಿ ಇಂಥದೇ ಸೌಲಭ್ಯ ಸಿಗೋರನ್ನ ಬಿಟ್ಟು ಉಳಿದ *ಪ್ರತಿ* ಬಸುರಿ-ಬಾಣಂತಿಗೂ. ಆ 6,000 ಯೋಜನೆಯಾಗಿ 2017ರಲ್ಲಿ ಊರಿಗೆ ಬರೋ ಹೊತ್ತಿಗೆ 5,000 ಆಗಿತ್ತು, ಅದೂ ಮೊದಲ ಹೆರಿಗೆಗೆ ಮಾತ್ರ. 2022ರಿಂದ ಎರಡನೇ ಹೆಣ್ಣುಮಗು ಸೇರಿಸಿದ್ರು. ಆ 5,000 ಅಂದ್ರೆ ಎಷ್ಟು ಗೊತ್ತಾ? 2025ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಹದಿನಾಲ್ಕು ದಿನದ ಕೂಲಿಯೂ ಗಿಟ್ಟಲ್ಲ.

"ಹೆಣ್ಣುಮಕ್ಕಳು ಬೇಡ ಅನ್ನೋರ ಮನಸ್ಸು ಬದಲಾಗಲಿ ಅಂತ ಹಾಗೆ ಮಾಡಿದಾರೆ ಮೇಡಂ" ಅಂತ ಯಾರಾದ್ರೂ ಬಂದೇ ಬರ್ತೀರ. ಸ್ವಾಮೀ, ಆ ದುಡ್ಡು ಬರೋದು ಹೆತ್ತ ಮೇಲೆ. ಹೊಟ್ಟೆಯಲ್ಲಿರೋದು ಏನು ಅಂತ ಕೇಳೋದೇ ಅಪರಾಧ ಆಗಿರೋ ದೇಶದಲ್ಲಿ, ಬಸುರಿ ಒಂಬತ್ತು ತಿಂಗಳು ಏನು ನಂಬ್ಕೊಂಡು ಕೂಲಿ ಬಿಡಬೇಕು? ಲಾಟರಿಯನ್ನಾ? ಪಕ್ಕದ ತಮಿಳುನಾಡಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆ ಇದೆ. ಮೊದಲೆರಡು ಹೆರಿಗೆಗೆ, ಕಿಟ್ಟು ದುಡ್ಡು ಎಲ್ಲ ಸೇರಿ ತಲಾ 18,000. ಗಂಡೋ ಹೆಣ್ಣೋ ಅಂತ ಅಲ್ಲಿ ಯಾರೂ ಕೇಳಲ್ಲ.

ಇನ್ನು "ಗೃಹಲಕ್ಷ್ಮಿ 2,000 ಬರಲ್ವಾ" ಅನ್ನೋರು. ಬರುತ್ತೆ. ರೇಷನ್ ಕಾರ್ಡಲ್ಲಿ ಯಜಮಾನಿ ಅಂತ ಇರೋರಿಗೆ. ಆ ಮನೆ ಯಜಮಾನಿ ಯಾರು? ಗಂಡೇ ಬೇಕು ಅಂದಿದ್ರಲ್ಲ, ಅದೇ ಅತ್ತೆ. ಯೋಜನೆ ಬೇಡ ಅಂತಿಲ್ಲ ನಾನು, ಅದು ಬಾಣಂತಿಯ ದುಡ್ಡಲ್ಲ ಅಂತಿದೀನಿ ಅಷ್ಟೇ.

ಈಗ ನಮ್ಮ ಮನೆ ಕಥೆ ಹೇಳ್ತೀನಿ, ಮನೆಯವರು ಬೈದ್ರೂ ಪರವಾಗಿಲ್ಲ. ಅವರದು ಕೇಂದ್ರ ಸರ್ಕಾರದ ಕೆಲಸ, ನಿಮಗೆಲ್ಲ ಗೊತ್ತು. ನಮಗೆ ಮಕ್ಕಳ ಶಿಕ್ಷಣ ಭತ್ಯೆ ಅಂತ ಬರುತ್ತೆ. ಒಂದು ಮಗುವಿಗೆ ತಿಂಗಳಿಗೆ 2,250 ಇತ್ತು, ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ, 2024ರ ಜನವರಿಯಿಂದ, 2,812 ರೂಪಾಯಿ 50 ಪೈಸೆ ಆಯ್ತು. ಆ ಐವತ್ತು ಪೈಸೆಯನ್ನೂ ಬಿಟ್ಟಿಲ್ಲ ನೋಡಿ! ಇಬ್ಬರು ಮಕ್ಕಳಿಗೂ ಬರುತ್ತೆ. ವರ್ಷಕ್ಕೊಂದು ಸಲ ಶಾಲೆಯಿಂದ ಒಂದು ಸರ್ಟಿಫಿಕೇಟು ತಂದುಕೊಟ್ರೆ ಮುಗೀತು, ಫೀಸು ಎಷ್ಟು ಕಟ್ಟಿದ್ರಿ ಅಂತ ರಸೀದಿಯನ್ನೂ ಕೇಳಲ್ಲ. ನಮ್ಮ ಎರಡನೇದು ಗಂಡು. ಯಾರೂ ಇವತ್ತಿನ ತನಕ ತಕರಾರು ಎತ್ತಿಲ್ಲ. ಅವಳ ಮೊದಲ ಮಗುವಿಗೆ ಜೀವಮಾನಕ್ಕೆ ಒಂದೇ ಸಲ ಸಿಗೋ ದುಡ್ಡು ನಮಗೆ ಎರಡು ತಿಂಗಳಿಗೆ ಒಂದು ಮಗುವಿನ ಲೆಕ್ಕದಲ್ಲೇ ಸಿಗುತ್ತೆ. ನಮ್ಮದಕ್ಕೆ ಭತ್ಯೆ ಅಂತ ಹೆಸರು, ಅವರದಕ್ಕೆ ಬಿಟ್ಟಿಭಾಗ್ಯ.

ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಕಾಮೆಂಟಲ್ಲಿ "ಬಿಟ್ಟಿ ಕೊಟ್ಟು ಜನರನ್ನ ಸೋಮಾರಿ ಮಾಡ್ತಾರೆ" ಅಂತ ಬರೆಯೋ ಸರ್ಕಾರಿ ನೌಕರ ಬಂಧುಗಳು ಜೊತೆಗೆ ತಮ್ಮ ಸ್ಯಾಲರಿ ಸ್ಲಿಪ್ಪನ್ನೂ ಹಾಕಿ. ಚಿಕ್ಕಪ್ಪಾ, ನೀವೂ ಸೇರಿದಂಗೆ.