ಸತ್ಯಾಂಶ: ವಿಕ್ರಾಂತ್ ಮೇಲೆ ಇಳಿದದ್ದು ಅವಳಿ ಎಂಜಿನ್ ವಿಮಾನವಲ್ಲ

ಬೆಂಗಳೂರಿನಲ್ಲಿ ನೌಕಾಪಡೆಗಾಗಿ ರೂಪುಗೊಂಡ ಅವಳಿ ಎಂಜಿನ್‌ ಯುದ್ಧವಿಮಾನವು ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ ಮೇಲೆ ಇಳಿದಿದೆ ಎಂಬ ವಾಟ್ಸ್ಆ್ಯಪ್ ಸಂದೇಶ ಸರಿಯಲ್ಲ. 2023ರ ಫೆಬ್ರುವರಿಯಲ್ಲಿ ವಿಕ್ರಾಂತ್ ಮೇಲೆ, ಅದಕ್ಕೂ ಮುನ್ನ 2020ರ ಜನವರಿ 11ರಂದು ಇನ್ನೊಂದು ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಮೇಲೆ, ಬಾಲದ ಕೊಕ್ಕೆಯಿಂದ ಉಕ್ಕಿನ ತಂತಿಯನ್ನು ಹಿಡಿದು ನಿಂತದ್ದು ದೇಶೀಯ ಹಗುರ ಯುದ್ಧವಿಮಾನ ತೇಜಸ್‌ನ ನೌಕಾ ಮಾದರಿ; ಅದಕ್ಕಿರುವುದು ಒಂದೇ ಎಂಜಿನ್.

ಈ ಎರಡು ವಿಮಾನಗಳನ್ನು ಬೆರೆಸಿದರೆ ನಿಜವಾದ ಸಾಧನೆಯೇ ಮರೆಯಾಗುತ್ತದೆ. ನಮ್ಮ ಹಡಗುಗಳಲ್ಲಿ ವಿಮಾನವನ್ನು ಎಸೆಯುವ ಕ್ಯಾಟಪಲ್ಟ್ ಇಲ್ಲದ ಕಾರಣ, ಮುಂತುದಿ ಮೇಲಕ್ಕೆ ಬಾಗಿದ ಚಿಕ್ಕ ಓಡುದಾರಿಯಿಂದ ವಿಮಾನವು ಇಂಧನ ಮತ್ತು ಆಯುಧಗಳ ಭಾರವನ್ನು ಹೊತ್ತು ಸ್ವಂತ ಬಲದಿಂದಲೇ ಏರಬೇಕು. ನೌಕಾ ತೇಜಸ್ ಇದಕ್ಕೆ ತೀರಾ ಭಾರವಾಯಿತೆಂದು ನೌಕಾಪಡೆ 2016ರಲ್ಲೇ ಹೇಳಿತ್ತು. ಆದರೂ ಪ್ರಯೋಗಗಳು ನಿಲ್ಲಲಿಲ್ಲ. ಹಡಗಿನ ಮೇಲೆ ಇಳಿಯುವ ಕಠಿಣ ವಿದ್ಯೆಯನ್ನು ನಮ್ಮ ಎಂಜಿನಿಯರರು ಕಲಿತದ್ದು ಅದರಿಂದಲೇ, ಮತ್ತು ಇದನ್ನು ಸಣ್ಣದೆಂದು ಎಣಿಸಲಾಗದು.

ಎರಡು ಎಫ್‌-414 ಎಂಜಿನ್‌ಗಳ, ಮಡಚುವ ರೆಕ್ಕೆಗಳ ಹೊಸ ವಿಮಾನವನ್ನು ಬೆಂಗಳೂರಿನ ಸರ್ಕಾರಿ ಸಂಸ್ಥೆ ಎಡಿಎ (ವೈಮಾನಿಕ ಅಭಿವೃದ್ಧಿ ಸಂಸ್ಥೆ) ಇನ್ನೂ ವಿನ್ಯಾಸಗೊಳಿಸುತ್ತಿದೆ. 2021ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಜನ ಕಂಡದ್ದು ಅದರ ಪ್ರತಿಕೃತಿಯನ್ನು ಮಾತ್ರ. ಈ ನಡುವೆ ವಿಕ್ರಾಂತ್‌ಗಾಗಿ ಫ್ರಾನ್ಸ್‌ನ ನೌಕಾ ಯುದ್ಧವಿಮಾನಗಳಾದ 26 ರಫೇಲ್‌ ಮರೀನ್‌ಗಳನ್ನು ಕೊಳ್ಳುವ ಒಪ್ಪಂದಕ್ಕೆ 2025ರ ಏಪ್ರಿಲ್‌ನಲ್ಲಿ ಸಹಿ ಬಿದ್ದಿದೆ.