ಸತ್ಯಾಂಶ: 'ಮೂರೇ ಬ್ಯಾಂಕುಗಳು ಸುರಕ್ಷಿತ' ಎಂಬ ಸಂದೇಶ

'ಎಸ್‌ಬಿಐ, ಎಚ್‌ಡಿಎಫ್‌ಸಿ, ಐಸಿಐಸಿಐ ಬಿಟ್ಟು ಬೇರೆಲ್ಲೂ ಹಣ ಇಡಬೇಡಿ, ರಿಸರ್ವ್ ಬ್ಯಾಂಕೇ ಹೇಳಿದೆ' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತದೆ. ಈ ಮೂರನ್ನು ರಿಸರ್ವ್ ಬ್ಯಾಂಕ್ 'ದೇಶದ ಹಣಕಾಸು ವ್ಯವಸ್ಥೆಗೆ ಅತಿ ಮುಖ್ಯವಾದ ಬ್ಯಾಂಕುಗಳು' (ಡಿ-ಸಿಬ್) ಎಂದು ಪಟ್ಟಿ ಮಾಡಿರುವುದು ನಿಜ, ಸಂದೇಶ ಅದಕ್ಕೆ ಕೊಟ್ಟ ಅರ್ಥ ತಪ್ಪು.

ಈ ಪಟ್ಟಿಗಾಗಿ 2014ರಲ್ಲಿ ರಿಸರ್ವ್ ಬ್ಯಾಂಕ್ ರೂಪಿಸಿದ ವ್ಯವಸ್ಥೆಯಲ್ಲಿ ಬ್ಯಾಂಕಿನ ಗಾತ್ರ, ಇತರ ಸಂಸ್ಥೆಗಳೊಂದಿಗಿನ ಹಣಕಾಸಿನ ನಂಟು, ವ್ಯವಹಾರದ ಸಂಕೀರ್ಣತೆಗಳನ್ನು ಅಳೆಯಲಾಗುತ್ತದೆ. ಮುಗ್ಗರಿಸಿದರೆ ಇಡೀ ಅರ್ಥವ್ಯವಸ್ಥೆಯನ್ನೇ ಅಲುಗಾಡಿಸುವಷ್ಟು ದೊಡ್ಡ ಬ್ಯಾಂಕ್ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ. ದಕ್ಷತೆಗಾಗಲಿ ಆಡಳಿತ ಮಂಡಳಿಯ ಪ್ರಾಮಾಣಿಕತೆಗಾಗಲಿ ಕೊಟ್ಟ ಅಂಕವಲ್ಲ ಇದು. ಪಟ್ಟಿ ಸೇರಿದವರ ಮೇಲೆ ಹೊರೆಯೇ ಹೆಚ್ಚು: ಎಸ್‌ಬಿಐ 2025ರ ಏಪ್ರಿಲ್‌ನಿಂದ ಅಪಾಯಕ್ಕೆ ತಕ್ಕಂತೆ ಲೆಕ್ಕ ಹಾಕಿದ ಆಸ್ತಿಯ ಮೇಲೆ ಶೇ 0.80ರಷ್ಟು ಹೆಚ್ಚುವರಿ ಬಂಡವಾಳ ಇಟ್ಟುಕೊಳ್ಳಬೇಕು.

ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಕೆನರಾ ಬ್ಯಾಂಕ್ ಈ ಪಟ್ಟಿಯಲ್ಲಿಲ್ಲ. ಅಷ್ಟರಿಂದಲೇ ಅದು ಅಪಾಯದಲ್ಲಿದೆ ಎಂದು ಹಿರಿಯರನ್ನು ಹೆದರಿಸಿ, ಅವಧಿಗೆ ಮುನ್ನವೇ ಠೇವಣಿ ಮುರಿಸಿ ಬಡ್ಡಿ ಕಳೆಯುವುದು ಅನ್ಯಾಯ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಕುಸಿದಾಗ ಅದೂ ಪಟ್ಟಿಯಲ್ಲಿರಲಿಲ್ಲ. ಕೆಲ ದಿನ ಖಾತೆಯಿಂದ ಹಣ ತೆಗೆಯಲು ₹50,000ದ ಮಿತಿ ಬಿತ್ತು. ಎಸ್‌ಬಿಐ ಮತ್ತಿತರರು ಬಂಡವಾಳ ಹಾಕಿದ ಮೇಲೆ ಮಾರ್ಚ್ 18ರಂದು ಮಿತಿ ತೆರವಾಯಿತು. ಠೇವಣಿದಾರರ ಹಣ ಮುಳುಗಲಿಲ್ಲ.

ಠೇವಣಿ ವಿಮೆಗೂ ಈ ಪಟ್ಟಿಗೂ ಸಂಬಂಧವಿಲ್ಲ. ವಿಮೆಗೆ ಒಳಪಟ್ಟ ಯಾವುದೇ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ, ಎಲ್ಲ ಶಾಖೆಗಳ ಅಸಲು ಮತ್ತು ಬಡ್ಡಿ ಸೇರಿ, ₹5 ಲಕ್ಷದವರೆಗೆ ರಕ್ಷಣೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಊರಿನ ಸೊಸೈಟಿಯಲ್ಲಿ ಹಣವಿಟ್ಟವರು ವಿಚಾರಿಸಬೇಕಾದದ್ದು ಇದನ್ನೇ.