ತಣ್ಣಗೆ ಮಲಗಿ ಕೊಂಡ ಸಾಮಾನು

ಕೈಗಡಿಯಾರವೇ ನಮ್ಮ ಖರ್ಚಿಗೆ ಕಾವಲು ಕೂರುತ್ತದೆ ಎಂಬ ಮಾತು ಈಚೆಗೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಎದೆಬಡಿತ ಏರಿತು, ಅಂಗೈ ಬೆವರಿತು ಎನ್ನುವಷ್ಟರಲ್ಲಿ ಮೊಬೈಲಿನ ಪರದೆಯ ಮೇಲೆ 'ಸ್ವಲ್ಪ ತಾಳಿ' ಎಂಬ ಸೂಚನೆ. ಅದಕ್ಕೂ ಬಗ್ಗದಿದ್ದರೆ ಕಾರ್ಡಿಗೇ ಬೀಗ. ಕೇಳಿದಾಗ ನನಗೆ ಖುಷಿಯೇ ಆಯಿತು. ಬೇಡದ್ದನ್ನು ಕೊಳ್ಳುವುದರಲ್ಲಿ ನನ್ನದು ಪಳಗಿದ ಕೈ. ಕಪಾಟಿನಲ್ಲಿ ಪೊಟ್ಟಣ ಬಿಚ್ಚದ ಮೂರು ಹೆಡ್‌ಫೋನ್‌ಗಳಿವೆ. ನನಗಿರುವ ಕಿವಿ ಎರಡೇ.

ಈ ಯೋಚನೆ ಹೊಸದೇನಲ್ಲ. 2009ರಲ್ಲೇ ಫಿಲಿಪ್ಸ್ ಸಂಸ್ಥೆ ಮತ್ತು ನೆದರ್ಲೆಂಡ್ಸ್‌ನ ಎಬಿಎನ್ ಆಮ್ರೋ ಬ್ಯಾಂಕು ಸೇರಿ, ಮನೆಯಲ್ಲಿ ಕುಳಿತು ಷೇರು ವ್ಯವಹಾರ ಮಾಡುವವರಿಗೆಂದು 'ರ‍್ಯಾಷನಲೈಸರ್' ಎಂಬ ಮಾದರಿಯೊಂದನ್ನು ತೋರಿಸಿದ್ದವು. ಕೈಗೊಂದು ಪಟ್ಟಿ, ಮೇಜಿನ ಮೇಲೊಂದು ಬಟ್ಟಲು. ಚರ್ಮದ ಬೆವರಿನಿಂದ ಉದ್ವೇಗವನ್ನು ಅಳೆದು, ಅದು ಏರಿದಂತೆ ಬೆಳಕೂ ಉರಿದೇಳುವ ಏರ್ಪಾಡು. ಬೆಳಕು ಕೆಂಡವಾಯಿತೆಂದರೆ ವ್ಯವಹಾರ ಬಿಟ್ಟು ಒಂದು ಗಳಿಗೆ ಸುಮ್ಮನಿರಿ ಎಂದರ್ಥ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಎಂಬ ಗಾದೆಗೆ ದೀಪ ಹಚ್ಚಿಟ್ಟಂತಿತ್ತು ಅದು.

2016ರಲ್ಲಿ ಬ್ರಿಟನ್ನಿನ ಇಂಟೆಲಿಜೆಂಟ್ ಎನ್ವಿರಾನ್‌ಮೆಂಟ್ಸ್ ಎಂಬ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಾವ್ಲಾಕ್ ಎಂಬ ಕೈಪಟ್ಟಿಯನ್ನು ಬ್ಯಾಂಕ್ ಖಾತೆಗೆ ಜೋಡಿಸಿ, ಖರ್ಚು ಮಿತಿ ಮೀರಿದರೆ ಮಣಿಕಟ್ಟಿಗೆ ಸಣ್ಣ ವಿದ್ಯುತ್ ಶಾಕ್ ಕೊಡಿಸಿತು. ಇಲ್ಲಿ ಯಂತ್ರ ಮೈಯನ್ನು ಓದುವುದಿಲ್ಲ. ಖಾತೆಯನ್ನು ಓದಿ ಮೈಗೆ ಬರೆ ಹಾಕುತ್ತದೆ. ಇದರ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಶಾಲೆಯಲ್ಲಿ ಬೆತ್ತದ ಏಟು ತಿಂದು ಮಗ್ಗಿ ಕಲಿತವರಿಗೆ ಇದು ಇಷ್ಟವಾಗಬಹುದು.

ಮೈಯನ್ನು ಓದುವ ಯಂತ್ರಕ್ಕೆ ಮರಳುತ್ತೇನೆ. ಅಂಗೈಯ ಬೆವರುಗ್ರಂಥಿಗಳು ಸೆಕೆಗಿಂತ ಹೆಚ್ಚಾಗಿ ಮನಸ್ಸಿನ ಮಾತು ಕೇಳುತ್ತವೆ. ಬೆವರು ಒಸರಿದಾಗ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಅಳೆಯುವುದು ಅದನ್ನೇ. ನಾಡಿಯನ್ನಾದರೋ ಗಡಿಯಾರ ಚರ್ಮಕ್ಕೆ ಹಸಿರು ಬೆಳಕು ಹಾಯಿಸಿ, ಎಷ್ಟು ಬೆಳಕು ಮರಳಿತು ಎಂಬುದರಿಂದ ಎಣಿಸುತ್ತದೆ. ಆದರೆ ಮನಸ್ಸು ಕದಡಿದ ಸುದ್ದಿ ಬೆವರಾಗಿ ಚರ್ಮಕ್ಕೆ ಮುಟ್ಟಲು ಒಂದರಿಂದ ಮೂರು ಸೆಕೆಂಡು ಬೇಕು. ಗುಂಡಿ ಒತ್ತಲು ಬೆರಳಿಗೆ ಅಷ್ಟೂ ಬೇಡ.

ಹೀಗೆ ಅನುಮಾನ ಹುಟ್ಟಿದ ಮೇಲೆ ಎರಡು ತಿಂಗಳು ಒಂದು ಕೆಲಸ ಮಾಡಿದೆ. ಪ್ರತಿ ಖರೀದಿಯ ದಿನ, ಗಂಟೆ, ನಿಮಿಷಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಗಡಿಯಾರ ದಾಖಲಿಸಿದ ನಾಡಿಯ ಪಕ್ಕದಲ್ಲಿ ಹಿಡಿದು ನೋಡಿದೆ. ಇದನ್ನು ವಿಜ್ಞಾನ ಎನ್ನಬೇಡಿ, ಒಂದು ಮೈಯ ಲೆಕ್ಕ ಅಷ್ಟೆ. ಆದರೂ ಪುಟ ತಿರುವಿದಾಗ ಪೆಚ್ಚಾದೆ. ಆ ಎರಡು ತಿಂಗಳಲ್ಲಿ ನನ್ನ ನಾಡಿ ನಿಜಕ್ಕೂ ಓಡಿದ್ದು ಒಂದೇ ಸಲ, ಬಹುಕಾಲದಿಂದ ಹುಡುಕುತ್ತಿದ್ದ ಹಳೆಯ ಕ್ಯಾಮೆರಾ ಒಂದು ಮಾರಾಟಕ್ಕೆ ಬಂದಾಗ. ನಿಮಿಷಕ್ಕೆ 104. ಯಂತ್ರದ ಕೈಯಲ್ಲಿ ಬೀಗವಿದ್ದಿದ್ದರೆ ಅಂದು ಹಾಕಿಯೇ ಬಿಡುತ್ತಿತ್ತು, ಅಷ್ಟರಲ್ಲಿ ಬೇರೆ ಯಾರೋ ಕೊಂಡಿರುತ್ತಿದ್ದರು. ಆ ಕ್ಯಾಮೆರಾವನ್ನು ಇಂದಿಗೂ ವಾರಕ್ಕೊಮ್ಮೆಯಾದರೂ ಹೊರತೆಗೆಯುತ್ತೇನೆ, ಒಮ್ಮೆಯೂ ಪಶ್ಚಾತ್ತಾಪಪಟ್ಟಿಲ್ಲ.

ಪಶ್ಚಾತ್ತಾಪಪಟ್ಟವೆಲ್ಲ ರಾತ್ರಿ ಹನ್ನೊಂದರ ಮೇಲಿನವು. ಮಗ್ಗುಲಾಗಿ ಮಲಗಿ, ಹೆಬ್ಬೆರಳಿನಿಂದ ಪರದೆಯನ್ನು ಸರಿಸುತ್ತ, ಅರ್ಧ ನಿದ್ದೆಯಲ್ಲಿ ಕೊಂಡವು. ನಾಡಿ 61, 63, 60. ಸಂತರ ನಾಡಿ! ಮೂರನೆಯ ಹೆಡ್‌ಫೋನ್ ಬಂದದ್ದು ಹಾಗೆಯೇ. ಇನ್ನು, ಎಂದೋ ಸೇರಿ ಮರೆತಿದ್ದ ಆ್ಯಪ್ ಒಂದರ ವಾರ್ಷಿಕ ಚಂದಾ ತಾನಾಗಿ ಕಡಿತವಾದಾಗ ನಾನು ಗಾಢ ನಿದ್ದೆಯಲ್ಲಿದ್ದೆ. ನಾಡಿ 54. ಇಂಥ ಖರ್ಚನ್ನು ಯಾವ ಬೆವರು ಹಿಡಿದೀತು? 'ಆವೇಗದ ಖರೀದಿ' ಎಂಬ ಹೆಸರೇ ನಮ್ಮ ದಾರಿ ತಪ್ಪಿಸಿದೆ ಎನ್ನಿಸುತ್ತದೆ. ನನ್ನ ಮಟ್ಟಿಗೆ ಅದು ಆವೇಗವಲ್ಲ, ಮಂಪರು.

ಇನ್ನೊಂದು ಸಂಗತಿಯನ್ನು ಈ ಯಂತ್ರದವರು ತಿರುವುಮುರುವಾಗಿ ಹಿಡಿದಿದ್ದಾರೆ ಎಂಬುದು ನನ್ನ ದೂರು. ಅಮೆರಿಕದ ಅಯೋವಾದಲ್ಲಿ ಮೆದುಳಿನ ಸಂಶೋಧಕರಾದ ಆಂಟೊಯಿನ್ ಬೆಷಾರಾ, ಆಂಟೋನಿಯೊ ಡಮಾಸಿಯೊ ಮತ್ತು ಸಂಗಡಿಗರು ನಾಲ್ಕು ಕಟ್ಟು ಇಸ್ಪೀಟಿನ ಎಲೆಗಳನ್ನಿಟ್ಟು ಒಂದು ಆಟ ಆಡಿಸಿದರು. ಬೆವರಿನ ಅಳತೆಯ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಎರಡು ಕಟ್ಟುಗಳಲ್ಲಿ ದೊಡ್ಡ ಲಾಭದ ಆಸೆ ತೋರಿಸಿ ಕೊನೆಗೆ ಮುಳುಗಿಸುವ ಎಲೆಗಳು, ಉಳಿದೆರಡರಲ್ಲಿ ಸಣ್ಣ ಲಾಭ ಕೊಟ್ಟು ಕೊನೆಗೆ ಗೆಲ್ಲಿಸುವ ಎಲೆಗಳು. ಆರೋಗ್ಯವಂತರ ಕೈ ಕೆಟ್ಟ ಕಟ್ಟಿನತ್ತ ಚಾಚುವಾಗಲೇ ಬೆವರತೊಡಗಿತ್ತು, ಅದು ಕೆಟ್ಟ ಕಟ್ಟು ಎಂದು ಅವರಿಗೆ ಬಾಯಿಬಿಟ್ಟು ಹೇಳಲು ಬರುವ ಮೊದಲೇ. ಹಣೆಯ ಹಿಂದಿನ ಮೆದುಳಿನ ಒಂದು ಭಾಗಕ್ಕೆ ಪೆಟ್ಟಾಗಿದ್ದವರಿಗೆ ಆ ಬೆವರು ಬರಲಿಲ್ಲ. ಅವರು ಕೆಟ್ಟ ಎಲೆಗಳನ್ನೇ ಎತ್ತುತ್ತ ಹೋದರು. ಅಂದರೆ ಅಲ್ಲಿ ಬೆವರಿದ್ದು ದಡ್ಡತನವಲ್ಲ, ಬುದ್ಧಿ. ಮೈ 'ಬೇಡ' ಎನ್ನುತ್ತಿರುವಾಗ ಗಡಿಯಾರ ಬಂದು 'ದೀರ್ಘವಾಗಿ ಉಸಿರೆಳೆದುಕೊಳ್ಳಿ, ಶಾಂತರಾಗಿ' ಎಂದರೆ, ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ದಾರಿ ಬಿಟ್ಟಂತೆ.

ಬೆವರು ತಾನು ಬಂದ ಕಾರಣವನ್ನು ಹೇಳುವುದಿಲ್ಲ. ಸುಳ್ಳುಪತ್ತೆ ಯಂತ್ರ ದಶಕಗಳಿಂದ ಅಳೆಯುತ್ತಿರುವುದೂ ಇದೇ ಬೆವರು, ಇದೇ ನಾಡಿ. ಹೆದರಿದ ಸತ್ಯವಂತನನ್ನೂ ಹೆದರಿದ ಸುಳ್ಳುಗಾರನನ್ನೂ ಬೇರೆಮಾಡಲು ಅದಕ್ಕೆ ಇನ್ನೂ ಸರಿಯಾಗಿ ಬಂದಿಲ್ಲ.

ಹಣ ಕೊಡುವಾಗ ಮೈಗೆ ಒಂದು ಸಣ್ಣ ನೋವಾಗುವುದು ಒಳ್ಳೆಯದೇ. ಸಂಶೋಧಕರಾದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಂದ್ಯದ ಟಿಕೆಟ್ ಹರಾಜಿಗಿಟ್ಟಿದ್ದರು. ನಗದು ಕೊಡಬೇಕಾದವರಿಗಿಂತ ಕ್ರೆಡಿಟ್ ಕಾರ್ಡ್ ಬಳಸುವವರು ಸುಮಾರು ಎರಡರಷ್ಟು ಬೆಲೆ ಕೂಗಿದರು. ಅದಕ್ಕೂ ಮೊದಲೇ, 1999ರಲ್ಲಿ, ಅಮೆಜಾನ್ ಒಂದೇ ಒತ್ತಿಗೆ ಕೊಳ್ಳುವ ವಿಧಾನಕ್ಕೆ ಪೇಟೆಂಟ್ ಪಡೆದಿತ್ತು; 2017ರವರೆಗೆ ಅದು ಅವರ ಸೊತ್ತು. ನೋಟು ಎಣಿಸುವ ನೋವು ಹೋಯಿತು, ಕಾರ್ಡ್ ಸಂಖ್ಯೆ ಬರೆಯುವ ನೋವೂ ಹೋಯಿತು. ಮುಳ್ಳನ್ನೆಲ್ಲ ಒಂದೊಂದಾಗಿ ಕಿತ್ತು ದಾರಿ ನುಣುಪು ಮಾಡಿಕೊಟ್ಟ ಜಗತ್ತೇ ಈಗ 'ಜಾರುತ್ತಿದ್ದೀರಿ, ಈ ಕೈಪಟ್ಟಿ ಕೊಳ್ಳಿ' ಎನ್ನುತ್ತಿದೆ.

ಆ ಕೈಪಟ್ಟಿ ಕೂಡ ಕೊಳ್ಳಬೇಕಾದದ್ದೇ, ನೆನಪಿರಲಿ.

ನನ್ನ ನಾಡಿ ಯಾವ ಚಿತ್ರ ನೋಡಿದಾಗ ಏರುತ್ತದೆ ಎಂಬ ಪಟ್ಟಿ ನನಗಿಂತ ಮಾರುವವರಿಗೆ ಹೆಚ್ಚು ಬೇಕು. ನನ್ನನ್ನು ತಡೆಯಲೆಂದು ಕೂಡಿಟ್ಟ ಲೆಕ್ಕವೇ ನನ್ನನ್ನು ಕೆಡವಲು ಸಾಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾನೂನು 2025ರ ಫೆಬ್ರುವರಿಯಿಂದ ಕೆಲಸದ ಜಾಗ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಮೈಯ ಸಂಕೇತಗಳಿಂದ ಭಾವನೆ ಊಹಿಸುವ ವ್ಯವಸ್ಥೆಗಳನ್ನು ನಿಷೇಧಿಸಿದೆ. ಚಿಕಿತ್ಸೆ, ಸುರಕ್ಷತೆಗೆ ಮಾತ್ರ ವಿನಾಯಿತಿ. ಅಂಗಡಿ ಆ ನಿಷೇಧದ ಪಟ್ಟಿಯಲ್ಲಿಲ್ಲ.

ಹಾಗೆಂದು ಇಡೀ ಯೋಚನೆಯನ್ನೇ ತಿಪ್ಪೆಗೆಸೆಯಲು ನನಗೆ ಮನಸ್ಸಿಲ್ಲ. ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ನಿದ್ದೆಯೇ ಬೇಡವೆನ್ನಿಸುವುದು, ಕೈಗೆ ಬಂದಂತೆ ಹಣ ಸುರಿಯುವುದು ಎರಡೂ ವೈದ್ಯರು ಗುರುತಿಸುವ ಲಕ್ಷಣಗಳು. ಅಂಥವರ ನಿದ್ದೆ ಕೆಲವು ರಾತ್ರಿ ಒಂದೇ ಸಮನೆ ಕುಗ್ಗಿದ್ದನ್ನು ಗಡಿಯಾರ ಗಮನಿಸಿ, ಅವರೇ ಮೊದಲು ಒಪ್ಪಿ ಹೆಸರಿಸಿದ ಒಬ್ಬರಿಗೆ ತಿಳಿಸಿದರೆ ಒಂದು ಮನೆ ಸಾಲದಿಂದ ಉಳಿದೀತು. ಇಲ್ಲಿ ಗಡಿಯಾರ ನೋಡುವುದು ಒಂದು ಕ್ಷಣದ ಬೆವರನ್ನಲ್ಲ, ದಿನಗಳ ಜಾಡನ್ನು. ಕೇಳಿಸಿಕೊಳ್ಳಲು ಅತ್ತ ಕಡೆ ಒಬ್ಬ ಮನುಷ್ಯನೂ ಇರುತ್ತಾನೆ. ಇಂಥದಕ್ಕೆ ಯಾರಾದರೂ ಹಣ ಹಾಕಿದರೆ ನಾನು ಚಪ್ಪಾಳೆ ತಟ್ಟುತ್ತೇನೆ.

ನನ್ನ ಮಂಪರಿಗೆ ಅಷ್ಟೆಲ್ಲ ಬೇಡ. ಮೊಬೈಲಿನಲ್ಲಿ ಉಳಿಸಿಟ್ಟಿದ್ದ ಕಾರ್ಡ್ ಸಂಖ್ಯೆಗಳನ್ನೆಲ್ಲ ಅಳಿಸಿದೆ. ಕಾರ್ಡನ್ನು ಹೊರಗಿನ ಕೋಣೆಯ ಕಪಾಟಿನ ಮೇಲಿನ ಅರೆಯಲ್ಲಿಟ್ಟೆ, ಕುರ್ಚಿ ಹತ್ತದೆ ಸಿಗದಷ್ಟು ಎತ್ತರದಲ್ಲಿ. ಕಳೆದ ವಾರ ರಾತ್ರಿ ಒಂದು ಮೇಜುದೀಪ ಕಣ್ಣಿಗೆ ಬಿತ್ತು. ಎದ್ದೆ, ಕತ್ತಲಲ್ಲಿ ತಡವರಿಸುತ್ತ ಬಾಗಿಲವರೆಗೆ ಹೋದೆ, ಕುರ್ಚಿ ಎಳೆಯಬೇಕಲ್ಲ ಎಂದು ನೆನಪಾಗಿ ನೀರು ಕುಡಿದು ಮರಳಿ ಮಲಗಿದೆ. ಮಣಿಕಟ್ಟು ಗುಂಯ್ ಎಂದಿತು. ಎದ್ದು ಓಡಾಡಿದ್ದಕ್ಕೆ ಗಡಿಯಾರ ಅಭಿನಂದನೆ ಹೇಳುತ್ತಿತ್ತು.